ಲ್ಯಾಬ್ರಡಾರ್ ಮರಿ ತರುವ ಮುನ್ನ: ಒಳ್ಳೆಯ ಬ್ರೀಡರ್ ಯಾರೆಂದು ತಿಳಿಯುವುದು ಹೇಗೆ?

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಲ್ಯಾಬ್ರಡಾರ್ ಮರಿಯನ್ನು ತರಬೇಕೆಂದು ಬಹಳ ಕಾಲ ಯೋಚಿಸಿ ಈಗ ತೀರ್ಮಾನಕ್ಕೆ ಬಂದಿದ್ದೇವೆ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು ಮತ್ತು ಎಂಟು ಹಾಗೂ ಹನ್ನೆರಡು ವರ್ಷದ ಇಬ್ಬರು ಮಕ್ಕಳಿದ್ದೇವೆ. ಊರಿನ ಅಂಚಿನಲ್ಲಿ ಕಾಂಪೌಂಡ್ ಇರುವ ಸ್ವಂತ ಮನೆ. ಹಿಂಬದಿಗೆ ಹೊಂದಿಕೊಂಡಂತೆ ಸಣ್ಣ ಅಡಿಕೆ ತೋಟವಿದೆ. ನಾನೂ ನಮ್ಮ ಯಜಮಾನರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮರಳುವುದು ಸಂಜೆಗೆ. ಆದರೆ ಅತ್ತೆ, ಮಾವ ಇಡೀ ದಿನ ಮನೆಯಲ್ಲೇ ಇರುವುದರಿಂದ ಮರಿ ಒಂಟಿಯಾಗುವ ಪ್ರಸಂಗ ಬರುವುದಿಲ್ಲ.

ಮೊಬೈಲಿನಲ್ಲಿ ಜಾಹೀರಾತು ನೋಡಿ ಒಬ್ಬ ಮಾರಾಟಗಾರರಿಗೆ ಫೋನ್ ಮಾಡಿದ್ದೆವು. ಮರಿಗೆ 35 ದಿನ ಆಗಿದೆ, "ಡಬಲ್ ಬೋನ್" (ದಪ್ಪ ಮೂಳೆಯದು), "ಚಾಂಪಿಯನ್ ಬ್ಲಡ್‌ಲೈನ್", ಎರಡು ಲಸಿಕೆ ಮುಗಿದಿದೆ, ಪೇಪರ್ (ತಳಿಯ ನೋಂದಣಿ ಪತ್ರ) ಬೇಕಾದರೆ ಒಂದು ದರ, ಬೇಡವಾದರೆ ಅದರ ಅರ್ಧ ದರ ಎಂದು ಅವರು ಹೇಳಿದರು. ತಾಯಿ ನಾಯಿಯನ್ನು ನೋಡಬಹುದೇ ಎಂದು ಕೇಳಿದಾಗ, ತಾಯಿ ಬೇರೆ ಊರಿನ ಫಾರ್ಮಿನಲ್ಲಿದೆ, ನೀವು ಅಲ್ಲಿಯವರೆಗೆ ಬರುವುದು ಬೇಡ, ಅರ್ಧ ಹಣ ಫೋನಿನಲ್ಲೇ ಕಳುಹಿಸಿದರೆ ಮರಿಯನ್ನು ಬುಟ್ಟಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತೇವೆ ಎಂಬ ಉತ್ತರ ಬಂತು. ನಾವು ಇನ್ನೂ ಹಣ ಕಳುಹಿಸಿಲ್ಲ.

ಯಜಮಾನರ ಸಹೋದ್ಯೋಗಿಯೊಬ್ಬರ ಮನೆಯ ಲ್ಯಾಬ್ರಡಾರ್ ನಾಲ್ಕನೆಯ ವರ್ಷಕ್ಕೇ ಹಿಂಗಾಲು ಎತ್ತಿಡಲಾರದ ಸ್ಥಿತಿಗೆ ಬಂದಿದೆ. ಮೆಟ್ಟಿಲಿನ ಕೆಳಗೆ ನಿಂತು ಮೇಲಕ್ಕೆ ನೋಡುತ್ತಾ ಕುಂಯ್‌ಗುಡುವ ಆ ನಾಯಿಯನ್ನು ಕಂಡ ಮೇಲೆ ನಮ್ಮ ದೊಡ್ಡ ಮಗಳು, "ಅಮ್ಮ, ನಮ್ಮ ಮರಿಗೆ ಹೀಗಾಗದ ಹಾಗೆ ನೋಡಿ ತರೋಣ" ಎಂದಳು. ಅದಕ್ಕಾಗಿಯೇ ಇಲ್ಲಿ ಕೇಳುತ್ತಿದ್ದೇನೆ. ಮರಿ ಹಾಕಿಸಿ ಮಾರುವ ಜವಾಬ್ದಾರಿಯುತ ಬ್ರೀಡರ್‌ರನ್ನು ಗುರುತಿಸುವುದು ಹೇಗೆ, ಯಾವ ದಾಖಲೆಗಳನ್ನು ಕೇಳಬೇಕು, ಮರಿ ಬರುವ ಮೊದಲು ಮನೆಯಲ್ಲಿ ಏನೇನು ಸಿದ್ಧ ಮಾಡಿಕೊಳ್ಳಬೇಕು? ನಮ್ಮ ನಾಡಿನದೇ ತಳಿಯಾದ ಮುಧೋಳ ನಾಯಿಯನ್ನು ಸಾಕಬಾರದೇಕೆ ಎಂದು ಮಾವನವರು ಕೇಳುತ್ತಿದ್ದಾರೆ. ಆ ಬಗ್ಗೆಯೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಪಶುವೈದ್ಯ, ಹಾಸನ

ತುಂಗಾತೀರ ಅವರೇ, ಹಣ ಕಳುಹಿಸುವ ಮೊದಲೇ ಕೇಳಿದ್ದೀರಿ, ಸಂತೋಷ. ಆ ಮಾರಾಟಗಾರರನ್ನು ಇನ್ನು ಸಂಪರ್ಕಿಸಬೇಡಿ. ಅವರು ಫೋನಿನಲ್ಲಿ ಹೇಳಿದ ಒಂದೊಂದು ಮಾತಿನಲ್ಲೂ ತೊಂದರೆಯಿದೆ.

ಮೊದಲನೆಯದು ಮರಿಯ ವಯಸ್ಸು. ಕೇಂದ್ರ ಸರ್ಕಾರ 2017ರಲ್ಲಿ ಜಾರಿಗೆ ತಂದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬ್ರೀಡರ್ ಆದವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಹೆಣ್ಣು ನಾಯಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಮತ್ತು ಎಂಟು ವರ್ಷ ದಾಟಿದ ಮೇಲೆ ಮರಿ ಹಾಕಿಸಬಾರದು, ವರ್ಷಕ್ಕೆ ಒಂದು ಸೂಲಿಗಿಂತ ಹೆಚ್ಚು ಇರಬಾರದು, ಜೀವಮಾನದಲ್ಲಿ ಐದನ್ನು ಮೀರಬಾರದು ಎಂದು ಅದೇ ನಿಯಮಗಳು ಹೇಳುತ್ತವೆ. ನಿಮ್ಮೊಡನೆ ಮಾತನಾಡುವ ಬ್ರೀಡರ್‌ರಿಗೆ, "ತಾಯಿಗೆ ಎಷ್ಟು ವಯಸ್ಸು, ಇದು ಎಷ್ಟನೆಯ ಸೂಲು, ಹಿಂದಿನದು ಯಾವಾಗ ಆಯಿತು" ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಸರಿಯಾಗಿ ನಡೆಸುವವರು ತಡವರಿಸದೆ ಉತ್ತರಿಸುತ್ತಾರೆ, ಏಕೆಂದರೆ ಅದೆಲ್ಲವೂ ಅವರ ಪುಸ್ತಕದಲ್ಲಿ ಬರೆದಿರುತ್ತದೆ.

ಎಂಟು ವಾರ ಎಂಬುದು ಕೇವಲ ಕಾನೂನಿನ ಮಾತಲ್ಲ. ಐದನೆಯ ವಾರದಿಂದ ಎಂಟನೆಯ ವಾರದವರೆಗೆ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತವೆ. ಜೋರಾಗಿ ಕಚ್ಚಿದರೆ ಎದುರಿನದು ಚೀರಿ ಆಟ ಬಿಡುತ್ತದೆ, ತಾಯಿ ಗುರ್ ಎನ್ನುತ್ತದೆ. ಹಲ್ಲನ್ನು ಎಷ್ಟು ಒತ್ತಬಹುದು ಎಂಬ ಅಂದಾಜು ಮರಿಗೆ ಹೀಗೆಯೇ ಸಿಗುವುದು. 35 ದಿನಕ್ಕೇ ತಾಯಿಯಿಂದ ಬಿಡಿಸಿ ತಂದ ಮರಿಗಳು ಮನೆಯ ಮಕ್ಕಳ ಕೈಯನ್ನು ರಕ್ತ ಬರುವಂತೆ ಕಚ್ಚುತ್ತವೆ ಎಂದು ಹೇಳಿಕೊಂಡು ಪೋಷಕರು ನನ್ನಲ್ಲಿಗೆ ಪದೇ ಪದೇ ಬರುತ್ತಾರೆ. ಎಂಟು ವರ್ಷದ ಮಗುವಿರುವ ಮನೆಗೆ ಇದು ಸಣ್ಣ ವಿಷಯವಲ್ಲ. ಮಾರುವವರು ಹೇಳುವ ವಯಸ್ಸಿನ ಮೇಲೆ ಸಂದೇಹ ಬಂದರೆ ಬಾಯಿ ತೆರೆಸಿ ನೋಡಬಹುದು. ಎಂಟು ವಾರದ ಹೊತ್ತಿಗೆ 28 ಹಾಲುಹಲ್ಲುಗಳು ಹೆಚ್ಚುಕಡಿಮೆ ಪೂರ್ತಿ ಬಂದಿರುತ್ತವೆ, ಐದು ವಾರದ ಮರಿಯಲ್ಲಿ ದವಡೆಯ ಹಲ್ಲುಗಳು ಇನ್ನೂ ಮೂಡುತ್ತಿರುತ್ತವೆ.

ಎರಡನೆಯದು ಲಸಿಕೆ. 35 ದಿನದ ಮರಿಗೆ ಎರಡು ಲಸಿಕೆ ಮುಗಿದಿದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಮರಿಗೆ ತಾಯಿಯ ಗಿಣ್ಣುಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಕೆಲವು ವಾರ ಉಳಿದಿರುತ್ತದೆ. ಅದು ಹೆಚ್ಚಿರುವಾಗ ಹಾಕಿದ ಲಸಿಕೆ ನಾಟುವುದಿಲ್ಲ, ಅದು ಇಳಿದ ಮೇಲೆ ಲಸಿಕೆಯಿಲ್ಲದ ಮರಿ ರೋಗಕ್ಕೆ ತೆರೆದುಕೊಳ್ಳುತ್ತದೆ. ಯಾವ ಮರಿಯಲ್ಲಿ ಅದು ಯಾವಾಗ ಇಳಿಯುತ್ತದೆ ಎಂದು ಹೇಳಲಾಗದು. ಆದ್ದರಿಂದಲೇ ಆರರಿಂದ ಎಂಟು ವಾರದ ನಡುವೆ ಮೊದಲ ಲಸಿಕೆ ಹಾಕಿ, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಪುನಃ ಪುನಃ ಹಾಕುತ್ತೇವೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಶಿವಮೊಗ್ಗದ ಕಡೆ ಮಳೆ ಹೆಚ್ಚು, ತೋಟದಲ್ಲಿ ಇಲಿಗಳೂ ಇರುವುದರಿಂದ ಇಲಿ ಜ್ವರದ ಲಸಿಕೆಯನ್ನು ಬಿಡಬೇಡಿ. ಲಸಿಕೆ ಪುಸ್ತಕದಲ್ಲಿ ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ, ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆ ಇವೆಯೇ ಎಂದು ನೋಡಿ. ಬರೀ ಪೆನ್ನಿನಲ್ಲಿ ದಿನಾಂಕ ಬರೆದು ಕೊಟ್ಟ ಪುಸ್ತಕಕ್ಕೆ ಬೆಲೆಯಿಲ್ಲ.

ಬಸ್ಸಿನಲ್ಲಿ ಬರುವ ಮರಿಯ ವಿಷಯದಲ್ಲಿ ನನಗಿರುವ ದೊಡ್ಡ ಭಯ ಪಾರ್ವೊ ಎಂಬ ವೈರಸ್ ರೋಗ. ಸೋಂಕು ತಗುಲಿದ ಮರಿಯಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಹಲವು ಕಡೆಯಿಂದ ಮರಿಗಳನ್ನು ಕೊಂಡು ಒಂದೇ ಗೂಡಿನಲ್ಲಿಟ್ಟು ಮಾರುವ ಕಡೆ ಮರಿಗೆ ಸೋಂಕು ತಗುಲುತ್ತದೆ. ಅದು ಚುರುಕಾಗಿಯೇ ನಿಮ್ಮ ಮನೆಗೆ ಬರುತ್ತದೆ. ನಾಲ್ಕನೆಯ ದಿನ ಊಟ ಬಿಡುತ್ತದೆ, ವಾಂತಿ, ರಕ್ತಭೇದಿ ಶುರುವಾಗುತ್ತದೆ. ಆ ವೇಳೆಗೆ ಮಾರಿದವರು ಫೋನ್ ಎತ್ತುವುದಿಲ್ಲ, ಎತ್ತಿದರೂ "ನಿಮ್ಮ ಮನೆಯಲ್ಲೇ ಬಂದದ್ದು" ಎನ್ನುತ್ತಾರೆ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಸಾಮಾನ್ಯ ಫಿನಾಯಿಲ್‌ಗೆ ಬಗ್ಗುವುದಿಲ್ಲ. ನಿಮ್ಮ ಕಾಂಪೌಂಡಿನಲ್ಲಿ ಈಚೆಗೆ ಯಾವುದಾದರೂ ನಾಯಿಮರಿ ಭೇದಿಯಾಗಿ ಸತ್ತಿದ್ದರೆ ಹೊಸ ಮರಿಯನ್ನು ತರುವ ಮೊದಲು ನಿಮ್ಮ ವೈದ್ಯರಿಗೆ ಅದನ್ನು ಹೇಳಲೇಬೇಕು.

ಇನ್ನು "ಪೇಪರ್". ಕೆಸಿಐ, ಅಂದರೆ ಚೆನ್ನೈಯಲ್ಲಿ ಕೇಂದ್ರ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಪ್ರಮಾಣಪತ್ರವು ಮರಿಯ ತಂದೆ ತಾಯಿ ನೋಂದಾಯಿತ ಶುದ್ಧ ತಳಿಯವು ಎಂದು ಹೇಳುತ್ತದೆ. ಮರಿಯ ಚರ್ಮದಡಿ ಹಾಕಿದ ಮೈಕ್ರೋಚಿಪ್ಪಿನ 15 ಅಂಕಿಯ ಸಂಖ್ಯೆ ಅದರಲ್ಲಿರುತ್ತದೆ. ವೈದ್ಯರ ಬಳಿ ಸ್ಕ್ಯಾನರ್ ಹಿಡಿದರೆ ಅದೇ ಸಂಖ್ಯೆ ಕಾಣಬೇಕು. ಆದರೆ ಆ ಪತ್ರ ಮರಿಯ ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದೇ ಸೂಲಿನ ಮರಿಗಳನ್ನು ಪೇಪರ್ ಸಹಿತ ಒಂದು ದರಕ್ಕೆ, ಪೇಪರ್ ರಹಿತ ಅರ್ಧ ದರಕ್ಕೆ ಕೊಡುತ್ತೇನೆ ಎನ್ನುವವರ ಬಳಿ ಇರುವ ಪೇಪರ್ ಬೇರೆ ಯಾವುದೋ ಮರಿಯದಾಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ನೋಂದಣಿಯ ಖರ್ಚು ಮರಿಯ ಬೆಲೆಯ ಅರ್ಧದಷ್ಟು ಎಂದೂ ಆಗುವುದಿಲ್ಲ.

ನಿಮ್ಮ ಯಜಮಾನರ ಸಹೋದ್ಯೋಗಿಯ ನಾಯಿಗೆ ಇರುವುದು ಬಹುಶಃ ಹಿಪ್ ಡಿಸ್‌ಪ್ಲೇಸಿಯಾ. ಪರೀಕ್ಷಿಸದೆ ಖಚಿತವಾಗಿ ಹೇಳಲಾರೆ. ಸೊಂಟದ ಕೀಲಿನ ಗುಂಡು ಅದರ ಬಟ್ಟಲಿನಲ್ಲಿ ಸರಿಯಾಗಿ ಕೂರದ ಈ ತೊಂದರೆ ಲ್ಯಾಬ್ರಡಾರ್‌ಗಳಲ್ಲಿ ಸಾಮಾನ್ಯ. ಅನೇಕ ಜೀನುಗಳು ಸೇರಿ ಇದನ್ನು ತರುತ್ತವೆ, ಅದರ ಮೇಲೆ ಮರಿಯಾಗಿದ್ದಾಗಿನ ಅತಿ ತೂಕ ಮತ್ತು ಜಾರುವ ನೆಲ ಅದನ್ನು ಹೆಚ್ಚಿಸುತ್ತವೆ. ಒಳ್ಳೆಯ ಬ್ರೀಡರ್ ಮರಿ ಹಾಕಿಸುವ ಮೊದಲು ಎರಡೂ ನಾಯಿಗಳ ಸೊಂಟ ಮತ್ತು ಮೊಣಕೈ ಕೀಲುಗಳ ಎಕ್ಸ್‌ರೇ ತೆಗೆಸಿರುತ್ತಾರೆ. ಅದರ ವರದಿಯನ್ನು ಕೇಳಿ. ಹಾಗೆಯೇ, ನಿಧಾನವಾಗಿ ಕುರುಡುತನ ತರುವ ಪಿಆರ್‌ಎ ಮತ್ತು ಓಡುವಾಗ ಹಿಂಗಾಲು ಕುಸಿಯುವ ಇಐಸಿ ಎಂಬ ಎರಡು ರೋಗಗಳಿಗೆ ಡಿಎನ್‌ಎ ಪರೀಕ್ಷೆ ಇದೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಇವು ಮರಿಯಲ್ಲಿ ಕಾಣಿಸಿಕೊಳ್ಳುವುದರಿಂದ, ಇಬ್ಬರಲ್ಲಿ ಒಬ್ಬರ ವರದಿ ಪೂರ್ತಿ ಸ್ವಚ್ಛವಿದ್ದರೂ ಸಾಕು. ಇಷ್ಟೆಲ್ಲ ಪರೀಕ್ಷೆ ಮಾಡಿಸುವವರು ನಮ್ಮಲ್ಲಿ ಇನ್ನೂ ಕಡಿಮೆ, ನಿಜ. ಆದರೂ ಎಕ್ಸ್‌ರೇ ವರದಿ ತೋರಿಸುವ ಬ್ರೀಡರ್ ಸಿಗುವವರೆಗೆ ನೀವು ಕಾಯಬೇಕೆಂದು ನಾನು ಒತ್ತಾಯಿಸುತ್ತೇನೆ.

ಉತ್ತರ 2: ಒಂಟಿಕೊಪ್ಪಲು, ಮೈಸೂರು

ಮೇಡಂ, ವೈದ್ಯರು ಹೇಳಿದ್ದಕ್ಕೆ ಮರಿ ನೋಡಲು ಹೋದಾಗ ಏನನ್ನು ಗಮನಿಸಬೇಕು ಎಂಬುದನ್ನು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಈಗಿರುವುದು ಎರಡನೆಯ ಲ್ಯಾಬ್ರಡಾರ್. ಅದನ್ನು ಕೊಟ್ಟವರು ವೃತ್ತಿಯಿಂದ ಬೇರೆ ಕೆಲಸ ಮಾಡುತ್ತಾ, ಈ ಒಂದೇ ತಳಿಯನ್ನು ಪ್ರೀತಿಯಿಂದ ಸಾಕುತ್ತಿರುವ ಒಬ್ಬ ಮಹಿಳೆ.

ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಕೈ ತೊಳೆಸಿದರು. ಬೇರೆ ಕಡೆ ಮರಿ ನೋಡಿ ನೇರವಾಗಿ ಇಲ್ಲಿಗೆ ಬಂದಿಲ್ಲ ತಾನೇ ಎಂದು ಕೇಳಿಯೇ ಒಳಗೆ ಬಿಟ್ಟರು. ಮರಿಗಳು ಇದ್ದದ್ದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಒಂದು ಮೂಲೆಗೆ ಹಳೆಯ ಪತ್ರಿಕೆ ಹಾಸಿತ್ತು, ಮಲಗುವ ಜಾಗಕ್ಕೆ ಒಗೆದ ಬಟ್ಟೆ. ಮರಿಗಳು ಪತ್ರಿಕೆಯ ಕಡೆಗೇ ಹೋಗಿ ಮೂತ್ರ ಮಾಡಿ ಬರುತ್ತಿದ್ದವು. ತಾಯಿಯ ಕೂದಲು ಉದುರಿ ಮೈ ತೆಳ್ಳಗೆ ಕಾಣುತ್ತಿತ್ತು, ಮೊಲೆಗಳು ಇಳಿಬಿದ್ದಿದ್ದವು. ಎಂಟು ವಾರ ಮರಿ ಸಾಕಿದ ತಾಯಿ ಹಾಗೆಯೇ ಇರಬೇಕು. ಮೈ ಮಿರುಗುವ, ಕೆಚ್ಚಲಿಲ್ಲದ ನಾಯಿಯನ್ನು "ಇದೇ ತಾಯಿ" ಎಂದು ತೋರಿಸಿದರೆ ಅನುಮಾನಿಸಿ. ಆ ತಾಯಿ ನಮ್ಮನ್ನು ಮೂಸಿ ನೋಡಿ ನನ್ನ ಮೊಣಕಾಲಿಗೆ ಒರಗಿ ನಿಂತಿತು. ನಾವಿರುವಾಗಲೇ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಯೊಂದು ಬಿತ್ತು. ಮರಿಗಳೆಲ್ಲ ಒಮ್ಮೆ ಬೆಚ್ಚಿ ತಲೆಯೆತ್ತಿ, ಮರುಕ್ಷಣವೇ ಆಟಕ್ಕೆ ಮರಳಿದವು. ಮನೆಯ ಸದ್ದುಗದ್ದಲದ ನಡುವೆ ಬೆಳೆದ ಮರಿಗೂ ಊರಾಚೆಯ ಶೆಡ್ಡಿನಲ್ಲಿ ಬೆಳೆದ ಮರಿಗೂ ಇರುವ ವ್ಯತ್ಯಾಸ ಇಷ್ಟರಲ್ಲೇ ತಿಳಿಯುತ್ತದೆ. ತಂದೆ ನಾಯಿ ಅಲ್ಲಿರಲಿಲ್ಲ, ಅದು ತಪ್ಪೇನೂ ಅಲ್ಲ. ಜವಾಬ್ದಾರಿಯಿಂದ ಮರಿ ಹಾಕಿಸುವವರು ಸರಿಹೊಂದುವ ಗಂಡನ್ನು ಬೇರೆಯವರಲ್ಲಿ ಹುಡುಕಿ ಕೂಡಿಸುತ್ತಾರೆ. ಅದರ ಹೆಸರು, ನೋಂದಣಿ ಮತ್ತು ಎಕ್ಸ್‌ರೇಯನ್ನು ಅವರು ತೋರಿಸಿದರು.

ನಾವು ಕೇಳಿದ್ದಕ್ಕಿಂತ ಅವರು ಕೇಳಿದ್ದೇ ಹೆಚ್ಚು. ಹಗಲು ಮನೆಯಲ್ಲಿ ಯಾರಿರುತ್ತಾರೆ, ನೆಲಕ್ಕೆ ಏನು ಹಾಸಿದೆ, ಊರಿಗೆ ಹೋದಾಗ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ, ಹಿರಿಯರಿಗೆ ಒಪ್ಪಿಗೆ ಇದೆಯೇ, ಹಿಂದಿನ ನಾಯಿ ಯಾವ ಕಾರಣಕ್ಕೆ ತೀರಿಕೊಂಡಿತು ಎಂದು ಒಂದೊಂದಾಗಿ ವಿಚಾರಿಸಿದರು. ಮರಿಯನ್ನು ಆರಿಸಿಕೊಳ್ಳಲು ನಮಗೇ ಬಿಡಲಿಲ್ಲ. ವಾರಗಟ್ಟಲೆ ನೋಡಿದ್ದರಿಂದ ನಮ್ಮ ಮನೆಗೆ ಯಾವ ಸ್ವಭಾವದ್ದು ಒಗ್ಗುತ್ತದೆ ಎಂದು ಅವರೇ ಹೇಳಿದರು. ಯಾವುದೇ ಕಾರಣಕ್ಕೆ ಸಾಕಲಾಗದಿದ್ದರೆ, ಎಷ್ಟೇ ವಯಸ್ಸಾಗಿದ್ದರೂ, ನಾಯಿಯನ್ನು ತಮಗೇ ಹಿಂದಿರುಗಿಸಬೇಕೆಂದು ಬರೆಸಿಕೊಂಡರು. ಮರಿ ಕೊಟ್ಟ ಮೇಲೂ ಅದರ ಹೊಣೆ ತಮ್ಮದೆಂದು ತಿಳಿದವರು ಮಾತ್ರ ಇಂಥ ಮಾತನ್ನು ಬರೆಸಿಕೊಳ್ಳುತ್ತಾರೆ. ಆ ಸೂಲಿನ ಮರಿಗಳೆಲ್ಲ ಮೊದಲೇ ಗೊತ್ತಾದವರಿಗೆ ನಿಗದಿಯಾಗಿದ್ದವು. ನಾವು ತಿಂಗಳುಗಟ್ಟಲೆ ಕಾದೆವು. ಯಾವಾಗ ಕೇಳಿದರೂ ಮರಿ ಸಿದ್ಧ ಇರುತ್ತದೆ, ಲ್ಯಾಬ್ರಡಾರ್, ಪಗ್, ಶಿಹ್ ತ್ಸು ಎಲ್ಲವೂ ಇವೆ ಎನ್ನುವ ಜಾಗಕ್ಕೆ ಹೋಗಲೇಬೇಡಿ. "ಸಿಲ್ವರ್ ಲ್ಯಾಬ್ರಡಾರ್" ಎಂದು ಹೆಚ್ಚಿನ ಬೆಲೆ ಹೇಳಿದರೂ ಒಪ್ಪಬೇಡಿ, ಈ ತಳಿಗೆ ಮಾನ್ಯವಾಗಿರುವುದು ಕಪ್ಪು, ಹಳದಿ, ಚಾಕೊಲೇಟ್ ಎಂಬ ಮೂರೇ ಬಣ್ಣಗಳು. "ಇಂಪೋರ್ಟೆಡ್ ಮರಿ" ಎಂಬ ಮಾತೂ ಹಾಗೆಯೇ: ಮರಿ ಹಾಕಿಸಿ ಮಾರುವ ಉದ್ದೇಶಕ್ಕೆ ವಿದೇಶದಿಂದ ನಾಯಿ ತರಿಸುವುದಕ್ಕೆ 2016ರಲ್ಲಿ ಕೇಂದ್ರ ನಿರ್ಬಂಧ ಹೇರಿತ್ತು.

ಮನೆಯ ಸಿದ್ಧತೆಯ ವಿಷಯದಲ್ಲಿ, ನಿಮ್ಮದು ತೋಟದ ಮನೆಯಾದ್ದರಿಂದ ಕೆಲವು ಮಾತು. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆ ಮರಿಯ ಬಾಯಿಗೆ ಸಿಗಬಾರದು; ಅದರಲ್ಲಿರುವ ಅರೆಕೋಲಿನ್ ನಾಯಿಗೆ ವಿಷ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಲು ತಂದ ಮೈಲುತುತ್ತ, ಇಲಿ ಪಾಷಾಣ, ಕಳೆನಾಶಕ ಇವೆಲ್ಲವನ್ನೂ ಬೀಗ ಹಾಕುವ ಕೋಣೆಗೆ ಸಾಗಿಸಿ, ಸಿಂಪಡಣೆಯ ದಿನಗಳಲ್ಲಿ ಮರಿಯನ್ನು ತೋಟಕ್ಕೆ ಬಿಡಬೇಡಿ. ಪೂಜೆಯ ಹೂವಿಗೆಂದು ಬೆಳೆಸಿದ ಕಣಗಿಲೆ ಗಿಡವಿದ್ದರೆ ಅದಕ್ಕೆ ಬೇಲಿ ಕಟ್ಟಿ, ಅದರ ಎಲೆ ಹೂವು ಕಡ್ಡಿ ಎಲ್ಲವೂ ವಿಷವೇ. ಗೇಟಿನ ಕೆಳಗಿನ ಸಂದಿನಲ್ಲಿ ನಿಮ್ಮ ಮುಷ್ಟಿ ತೂರುವುದಾದರೆ ಅಲ್ಲಿಗೆ ಹಲಗೆ ಹೊಡೆಸಿ. ನೆಲಕ್ಕೆ ಟೈಲ್ಸ್ ಅಥವಾ ಗ್ರಾನೈಟ್ ಹಾಕಿಸಿದ್ದರೆ ಮರಿ ಓಡಾಡುವ ಜಾಗಕ್ಕೆ ಗೋಣಿಚೀಲವನ್ನಾದರೂ ಹಾಸಿ. ಜಾರುವ ನೆಲದ ಮೇಲೆ ಬೆಳೆಯುವ ಕೀಲುಗಳ ಬಗ್ಗೆ ವೈದ್ಯರು ಹೇಳಿಯೇ ಇದ್ದಾರೆ.

ಮರಿಯನ್ನು ಬೆಳಿಗ್ಗೆ ತನ್ನಿ, ಇಡೀ ಹಗಲು ಮನೆಯನ್ನು ಮೂಸಿ ತಿಳಿಯಲು ಸಮಯ ಸಿಗುತ್ತದೆ. ತಾಯಿಯ ವಾಸನೆಯಿರುವ ಒಂದು ತುಂಡು ಬಟ್ಟೆಯನ್ನು ಬ್ರೀಡರ್‌ರಿಂದ ಕೇಳಿ ಪಡೆಯಿರಿ. ಮೊದಲ ರಾತ್ರಿಗಳಲ್ಲಿ ಅದು ಅಳುತ್ತದೆ. ಹೊರಗಿನ ವರಾಂಡದಲ್ಲಿ ಕಟ್ಟಿ ಮಲಗಿಸದೆ, ಯಾರಾದರೊಬ್ಬರ ಮಂಚದ ಪಕ್ಕದಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿ, ಅತ್ತಾಗ ಕೈ ಇಳಿಬಿಟ್ಟರೆ ಸಾಕು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಒಂದೇ ಜಾಗಕ್ಕೆ ಕರೆದೊಯ್ಯಿರಿ, ಅಲ್ಲಿ ಮಾಡಿದರೆ ಮುದ್ದಿಸಿ. ಒಳಗೆ ಮಾಡಿದಾಗ ಮೂತಿ ತಿಕ್ಕುವ ಹಳೆಯ ರೂಢಿಯನ್ನು ದಯವಿಟ್ಟು ಯಾರೂ ಅನುಸರಿಸಬೇಡಿ, ಅದರಿಂದ ಮರಿ ಕಲಿಯುವುದು ನಿಮ್ಮ ಕಣ್ತಪ್ಪಿಸಿ ಮಾಡುವುದನ್ನು ಮಾತ್ರ. ಮೊದಲ ವಾರ ನೆಂಟರಿಷ್ಟರ ದಂಡು ಮರಿ ನೋಡಲು ಬರದಂತೆ ನೋಡಿಕೊಳ್ಳಿ.

ಉತ್ತರ 3: ಘಟಪ್ರಭಾ, ಬಾಗಲಕೋಟೆ ಜಿಲ್ಲೆ

ಅಕ್ಕನವರೇ, ನಿಮ್ಮ ಮಾವನವರು ನಮ್ಮ ಭಾಗದ ನಾಯಿಯನ್ನು ನೆನೆದದ್ದು ಬಹಳ ಹಿತವೆನಿಸಿತು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿ ಬೆಳೆಸಿದರು; ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟ ಮೇಲೆ ಇದರ ಹೆಸರು ಹೊರಗೂ ಹರಡಿತು. 2005ರಲ್ಲಿ ಅಂಚೆ ಇಲಾಖೆ ದೇಶೀ ನಾಯಿ ತಳಿಗಳ ಚೀಟಿಗಳನ್ನು ತಂದಾಗ ಮುಧೋಳವೂ ಅದರಲ್ಲಿತ್ತು. ಈಗ ಸೇನೆಯೂ ನಮ್ಮ ನಾಯಿಗಳನ್ನು ತೆಗೆದುಕೊಂಡು ಮೇರಠದಲ್ಲಿ ತರಬೇತಿ ಕೊಟ್ಟಿದೆ.

ಹಾಗಿದ್ದರೂ ನಿಮ್ಮ ಮನೆಗೆ ಇದೇ ಸರಿ ಎಂದು ಅಭಿಮಾನದಿಂದ ಹೇಳಿಬಿಡುವುದು ನ್ಯಾಯವಲ್ಲ. ಇದು ಕಣ್ಣಿನಿಂದ ಬೇಟೆ ಹುಡುಕಿ ಬೆನ್ನಟ್ಟುವ ನಾಯಿ. ಬಯಲುಸೀಮೆಯ ಹೊಲಗಳಲ್ಲಿ ಮೊಲದ ಹಿಂದೆ ಓಡುವುದಕ್ಕಾಗಿ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿ. ದಿನಕ್ಕೊಮ್ಮೆಯಾದರೂ ಮೈ ಬಿಚ್ಚಿ ಓಡಲು ಸುರಕ್ಷಿತವಾದ ಬಯಲು ಬೇಕು. ನೆರೆಮನೆಯ ಕೋಳಿ, ಬೆಕ್ಕು ಓಡಿದರೆ ಇದೂ ಹಿಂದೆಯೇ ಓಡುತ್ತದೆ, ಆಗ ಕರೆದರೆ ತಿರುಗಿ ಬರುವ ಭರವಸೆಯಿಲ್ಲ. ಸಾಧಾರಣ ಕಾಂಪೌಂಡನ್ನು ನೆಗೆದು ದಾಟುತ್ತದೆ. ಮನೆಯವರಲ್ಲಿ ಜೀವ ಇಟ್ಟುಕೊಂಡಿದ್ದರೂ ಅಪರಿಚಿತರು ಮೈ ಮುಟ್ಟುವುದನ್ನು ಸಹಿಸುವುದಿಲ್ಲ. ಮಕ್ಕಳ ಗೆಳೆಯರು ಬಂದು ಹೋಗುವ ಮನೆಯಲ್ಲಿ ಲ್ಯಾಬ್ರಡಾರ್ ಸುಲಭವಾಗಿ ಹೊಂದಿಕೊಳ್ಳುತ್ತದೆ. ಮುಧೋಳಕ್ಕೆ ನೀವು ಹೊಂದಿಕೊಳ್ಳಬೇಕು. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ, ಆದ್ದರಿಂದ ಮಲೆನಾಡಿನ ಮಳೆಗಾಲದಲ್ಲಿ ಮನೆಯೊಳಗೆ ಒಣ ಜಾಗದಲ್ಲೇ ಇರಿಸಬೇಕು.

ಇಷ್ಟನ್ನು ತಿಳಿದೂ ಮಾವನವರ ಮನಸ್ಸು ಅದರ ಮೇಲೇ ಇದ್ದರೆ, ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಈ ಕೇಂದ್ರ ಈ ತಳಿಗೆಂದೇ ಇದೆ. ನಗರಗಳ ಜಾಹೀರಾತುಗಳಲ್ಲಿ "ಮುಧೋಳ" ಎಂದು ಮಾರುವ ಮರಿಗಳಲ್ಲಿ ಗ್ರೇಹೌಂಡ್ ಜೊತೆ ಕೂಡಿಸಿದ ಬೆರಕೆಗಳು ಬಹಳ. ಇಲ್ಲಿಯ ಊರುಗಳಲ್ಲಿ ಮನೆತನದಿಂದ ಸಾಕುವವರ ಹಟ್ಟಿಗೆ ಬಂದು, ತಾಯಿಯ ಜೊತೆಗೆ ಅಜ್ಜಿ ನಾಯಿಯನ್ನೂ ನೋಡಿ ಒಯ್ಯುವುದು ಉತ್ತಮ. ಬಹಳಷ್ಟು ಮನೆಗಳಲ್ಲಿ ಎರಡು ಮೂರು ತಲೆಮಾರಿನ ನಾಯಿಗಳು ಒಂದೇ ಅಂಗಳದಲ್ಲಿ ಮಲಗಿರುತ್ತವೆ, ಅವುಗಳ ನಡಿಗೆ ಮತ್ತು ಸ್ವಭಾವಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ತುಂಗಾತೀರ, ಶಿವಮೊಗ್ಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ರಾತ್ರಿ ಊಟದ ನಂತರ ಇವೆಲ್ಲವನ್ನೂ ಮನೆಯವರೆಲ್ಲರಿಗೂ ಓದಿ ಹೇಳಿದೆ. ಮುಧೋಳದ ವಿವರ ಕೇಳಿದ ಮಾವನವರು, ತಮ್ಮ ವಯಸ್ಸಿನಲ್ಲಿ ಅದನ್ನು ಓಡಿಸಿಕೊಂಡು ಬರಲು ಆಗುವುದಿಲ್ಲ, ಆ ನಾಯಿಗೆ ಅನ್ಯಾಯ ಮಾಡುವುದು ಬೇಡ ಎಂದರು. ಆದ್ದರಿಂದ ಲ್ಯಾಬ್ರಡಾರೇ ಇರಲಿ, ಆದರೆ ಕಾದು ತರೋಣ ಎಂದು ನಿರ್ಧರಿಸಿದೆವು. ಆ ಮಾರಾಟಗಾರರಿಗೆ ಬೇಡವೆಂದು ತಿಳಿಸಿದ್ದೇನೆ. ಕಣಗಿಲೆ ಗಿಡ ಗೇಟಿನ ಪಕ್ಕದಲ್ಲೇ ಇದೆ, ಅದನ್ನು ಮಾವನವರು ತೆಗೆಸುತ್ತಿದ್ದಾರೆ.

ಒಂದು ಕೊನೆಯ ಪ್ರಶ್ನೆ. ಹಾಲು ಅನ್ನ ಹಾಕಿ, ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಸಿರಪ್ ಕುಡಿಸಿ ಮರಿಯನ್ನು ದಷ್ಟಪುಷ್ಟವಾಗಿ ಬೆಳೆಸಬೇಕೆಂಬುದು ಅತ್ತೆಯವರ ಆಸೆ. ಅವರ ಮನಸ್ಸಿಗೆ ನೋವಾಗದಂತೆ ಏನು ಹೇಳಲಿ?

ಉತ್ತರ 4: ಪಶುವೈದ್ಯ, ಹಾಸನ

ಅತ್ತೆಯವರ ಪ್ರೀತಿ ದೊಡ್ಡದು, ಅದಕ್ಕೆ ಬೇರೆ ದಾರಿ ತೋರಿಸೋಣ. ದೊಡ್ಡ ತಳಿಯ ಮರಿಗಳು ಸಣ್ಣವಿರುವಾಗ ಆಹಾರದಲ್ಲಿ ಬಂದ ಕ್ಯಾಲ್ಸಿಯಂ ಹೆಚ್ಚಾದರೂ ಅದನ್ನು ಹೀರಿಕೊಳ್ಳದೆ ಬಿಡುವ ಶಕ್ತಿ ಅವುಗಳ ಕರುಳಿಗೆ ಇನ್ನೂ ಬಂದಿರುವುದಿಲ್ಲ. ದೊಡ್ಡ ತಳಿಯ ಮರಿಗೆಂದೇ ತಯಾರಿಸಿದ ಆಹಾರದಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತದೆ. ಅದರ ಮೇಲೆ ಸಿರಪ್ ಕುಡಿಸಿದರೆ ಮೂಳೆ ಗಟ್ಟಿಯಾಗುವ ಬದಲು ಅದರ ಬೆಳವಣಿಗೆ ಕೆಡುತ್ತದೆ. ಮೊಮ್ಮಗಳು ಸಹೋದ್ಯೋಗಿಯ ಮನೆಯಲ್ಲಿ ನೋಡಿ ಬಂದ ನಾಯಿಯ ಹೆಸರು ಹೇಳಿ ವಿವರಿಸಿದರೆ ಅವರು ಖಂಡಿತ ಒಪ್ಪುತ್ತಾರೆ.

ದಷ್ಟಪುಷ್ಟ ಎಂಬುದರ ಬಗ್ಗೆಯೂ ಒಂದು ಮಾತು. ಹಸಿವು ತಣಿಯದಂತೆ ಮಾಡುವ ಪಿಒಎಂಸಿ ಎಂಬ ಜೀನಿನ ದೋಷ ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಆದ್ದರಿಂದ ಅದು ತಟ್ಟೆಯ ಮುಂದೆ ಕುಳಿತು ಎಷ್ಟೇ ದೈನ್ಯದಿಂದ ನೋಡಿದರೂ ಅಳತೆ ಮೀರಿ ಹಾಕಬಾರದು. ಪಕ್ಕೆಯ ಮೇಲೆ ಬೆರಳಾಡಿಸಿದರೆ ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಮೊದಲ ವಾರ ಬ್ರೀಡರ್ ಹಾಕುತ್ತಿದ್ದ ಆಹಾರವನ್ನೇ ಹಾಕಿ, ನಂತರ ಬೇರೆಯದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ಬದಲಾಯಿಸಿ. ಹಸುವಿನ ಹಾಲಿನಿಂದ ಅನೇಕ ಮರಿಗಳಿಗೆ ಭೇದಿಯಾಗುತ್ತದೆ. ಅತ್ತೆಯವರು ಕೈಯಾರೆ ಏನಾದರೂ ಕೊಡಲೇಬೇಕೆಂದರೆ ಬೇಯಿಸಿದ ಕ್ಯಾರೆಟ್ ತುಂಡು, ಚಮಚದಷ್ಟು ಸಿಹಿ ಮೊಸರು ಕೊಡಲಿ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್ ಯಾವುದೂ ಬೇಡ.

ಮರಿ ಮನೆಗೆ ಬಂದ ಎರಡು ದಿನದೊಳಗೆ ಒಮ್ಮೆ ಹತ್ತಿರದ ವೈದ್ಯರಿಗೆ ತೋರಿಸಿ. ಹೋಗುವಾಗ ಆ ಬೆಳಗಿನ ಮಲವನ್ನು ಚಿಕ್ಕ ಡಬ್ಬಿಯಲ್ಲಿ ಒಯ್ದರೆ ಜಂತುಹುಳುವಿನ ಪರೀಕ್ಷೆ ಅಲ್ಲೇ ಆಗುತ್ತದೆ. ಆಸ್ಪತ್ರೆಯ ನೆಲದ ಮೇಲೆ ಬಿಡದೆ ತೊಡೆಯ ಮೇಲೆಯೇ ಕೂರಿಸಿಕೊಳ್ಳಿ, ಮತ್ತು ಲಸಿಕೆ ಪೂರ್ತಿಯಾಗುವವರೆಗೆ ಹೊರಗಿನ ಲೋಕವನ್ನೂ ಹಾಗೆಯೇ ತೋರಿಸಿ: ಮಕ್ಕಳು ಅದನ್ನು ಎತ್ತಿಕೊಂಡು ಗೇಟಿನ ಬಳಿ ನಿಂತು ಬಸ್ಸು, ಹಸು, ಶಾಲೆಯ ಮಕ್ಕಳು, ಮಳೆಯಲ್ಲಿ ಛತ್ರಿ ಹಿಡಿದು ಹೋಗುವವರು ಎಲ್ಲವನ್ನೂ ದಿನಕ್ಕಿಷ್ಟು ನೋಡಿಸಲಿ. ಮೂರರಿಂದ ಹದಿನಾಲ್ಕು ವಾರದೊಳಗೆ ಕಂಡು ಒಗ್ಗಿಕೊಂಡದ್ದಕ್ಕೆ ನಾಯಿ ಮುಂದೆ ಹೆದರುವುದು ಕಡಿಮೆ, ಮತ್ತು ಆ ಅವಧಿಯ ಅರ್ಧಕ್ಕಿಂತ ಹೆಚ್ಚು ಭಾಗ ನಿಮ್ಮ ಮನೆಯಲ್ಲೇ ಕಳೆಯುತ್ತದೆ.